ಮೊದಲ ಹನ್ನೆರಡು ತಿಂಗಳು: ಮಗುವನ್ನು ನೋಡುವ ಕಣ್ಣು

(ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಈ ವೇದಿಕೆಯಲ್ಲಿ ನಾವು ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ, ವಿದ್ಯಾರ್ಥಿವೇತನ, ಶಾಲೆ ಬಿಡುವ ಮಕ್ಕಳ ಸಮಸ್ಯೆ ಇಂಥ ವಿಷಯಗಳನ್ನು ಚರ್ಚಿಸುತ್ತಾ ಬಂದಿದ್ದೇವೆ. ಅವೆಲ್ಲ ಬೇಕಾದ ಚರ್ಚೆಗಳೇ. ಆದರೆ ಇಂದು ನಾನು ಶಾಲೆಯ ಬಾಗಿಲಿಗೆ ಬರಲು ಇನ್ನೂ ಕೆಲವು ವರ್ಷ ಬಾಕಿ ಇರುವ ಒಬ್ಬ ವಿದ್ಯಾರ್ಥಿಯ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಆ ವಿದ್ಯಾರ್ಥಿ ತೊಟ್ಟಿಲಲ್ಲಿದ್ದಾನೆ, ಅಥವಾ ಇದ್ದಾಳೆ. ಹುಟ್ಟಿದ ದಿನದಿಂದ ಮೊದಲ ಹುಟ್ಟುಹಬ್ಬದವರೆಗಿನ ಹನ್ನೆರಡು ತಿಂಗಳಲ್ಲಿ ಆ ಮಗು ಕಲಿಯುವಷ್ಟನ್ನು ಮುಂದಿನ ಯಾವ ತರಗತಿಯಲ್ಲೂ ಒಂದು ವರ್ಷದಲ್ಲಿ ಕಲಿಯುವುದಿಲ್ಲ. ಆ ತರಗತಿಗೆ ಹಾಜರಿ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಇನ್‌ಸ್ಪೆಕ್ಟರ್ ಬರುವುದಿಲ್ಲ. ಗಮನಿಸಬೇಕಾದವರು ಮನೆಯವರು ಮಾತ್ರ.

ನಾನು ವೈದ್ಯನಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ನನ್ನ ಮಗಳಿಗೆ ಈಗ ಒಂದೂವರೆ ವರ್ಷ. ಅವಳು ಹುಟ್ಟಿದಂದಿನಿಂದ ಒಂದು ನೋಟ್ ಪುಸ್ತಕದಲ್ಲಿ ಕಂಡದ್ದನ್ನು ದಿನಾಂಕ ಹಾಕಿ ಬರೆಯುತ್ತಾ ಬಂದೆ. ಹಗಲೆಲ್ಲಾ ನಾನು ಶಾಲೆಯಲ್ಲಿರುವುದರಿಂದ ಅದರಲ್ಲಿ ಅರ್ಧದಷ್ಟು ಮಾಹಿತಿ ನನ್ನ ಮನೆಯವರದು ಮತ್ತು ನಮ್ಮ ಅಮ್ಮಿಯವರದು. ಆ ಪುಸ್ತಕವನ್ನೂ, ಬಿ.ಇಡಿ.ಯಲ್ಲಿ ಮತ್ತು ಆಮೇಲೆ ಓದಿದ್ದನ್ನೂ ಜೊತೆಗಿಟ್ಟುಕೊಂಡು ನಾಲ್ಕು ಮಾತು ಹೇಳುತ್ತೇನೆ.

ಮಗುವನ್ನು ನೋಡಿ ಬರೆದಿಡುವುದು ಹೊಸ ಪದ್ಧತಿಯೇನಲ್ಲ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಹೆಸರನ್ನು ವಿದ್ಯಾರ್ಥಿಗಳೆಲ್ಲರೂ ಕೇಳಿದ್ದೀರಿ. 1839ರ ಡಿಸೆಂಬರ್‌ನಲ್ಲಿ ಅವರ ಮೊದಲ ಮಗ ಹುಟ್ಟಿದಾಗ ಅವರು ಮಗುವಿನ ದಿನಚರಿಯನ್ನು ಬರೆಯತೊಡಗಿದರು. ಒಂಬತ್ತನೆಯ ದಿನ ಮಗುವಿನ ಕಣ್ಣು ಮೇಣದ ಬತ್ತಿಯ ಮೇಲೆ ನಿಂತಿತು, ನಲವತ್ತೈದನೆಯ ದಿನ ನಗು ಬಂತು, ನಲವತ್ತೊಂಬತ್ತನೆಯ ದಿನ ಬಣ್ಣದ ಕುಚ್ಚೊಂದು ಗಮನ ಸೆಳೆಯಿತು, ಹೀಗೆ. ಸರಿಯಾಗಿ ಒಂದು ವರ್ಷವಾದಾಗ ಆ ಮಗು ಊಟಕ್ಕೆ ತನ್ನದೇ ಆದ ‘ಮಮ್’ ಎಂಬ ಪದವನ್ನು ಕಟ್ಟಿಕೊಂಡಿತ್ತು. ಈ ಟಿಪ್ಪಣಿಗಳನ್ನು ಡಾರ್ವಿನ್ 1877ರಲ್ಲಿ, ಅಂದರೆ ಮೂವತ್ತೇಳು ವರ್ಷಗಳ ಮೇಲೆ, ಲೇಖನವಾಗಿ ಪ್ರಕಟಿಸಿದರು. ಬಿ.ಇಡಿ. ಮಾಡಿದವರೆಲ್ಲರೂ ಪರೀಕ್ಷೆಗಾಗಿ ಓದಿದ ಜೀನ್ ಪಿಯಾಜೆ ಕೂಡ ಶಿಶುಗಳ ಬುದ್ಧಿ ಬೆಳೆಯುವ ಕ್ರಮವನ್ನು ತಮ್ಮ ಮೂವರು ಮಕ್ಕಳನ್ನು ಮನೆಯಲ್ಲೇ ಗಮನಿಸಿ ಬರೆದವರು. ಇಬ್ಬರೂ ತಂದೆಯರು ಎಂಬುದನ್ನು ಇಲ್ಲಿರುವ ಗಂಡಸರು ದಯವಿಟ್ಟು ನೆನಪಿಡಬೇಕು. ಮಗು ನೋಡಿಕೊಳ್ಳುವುದು ಹೆಂಗಸರ ಕೆಲಸವೆಂದು ನಾವು ಹೊರಗಿನ ಕಟ್ಟೆಯ ಮೇಲೆ ಕೂತುಬಿಡುತ್ತೇವೆ.

ಈಗ ತಿಂಗಳು ತಿಂಗಳಾಗಿ ನೋಡೋಣ.

ಹುಟ್ಟಿದ ಮಗುವಿಗೆ ಸುಮಾರು ಇಪ್ಪತ್ತರಿಂದ ಮೂವತ್ತು ಸೆಂಟಿಮೀಟರ್ ದೂರದವರೆಗೆ ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ. ಹಾಲು ಕುಡಿಯುವಾಗ ತಾಯಿಯ ಮುಖ ಇರುವ ದೂರ ಅಷ್ಟೇ. ಕಿವಿ ಮಾತ್ರ ಹೊಟ್ಟೆಯಲ್ಲಿರುವಾಗಲೇ ಕೆಲಸ ಮಾಡುತ್ತಿರುತ್ತದೆ. ಹುಟ್ಟಿದ ಕೂಡಲೇ ನಾವು ಮಗುವಿನ ಕಿವಿಯಲ್ಲಿ ಅಜಾನ್ ಹೇಳುತ್ತೇವಲ್ಲ, ಆಗ ಆ ಕಿವಿ ತಾಯಿಯ ಧ್ವನಿಯನ್ನು ಆಗಲೇ ಬಲ್ಲದ್ದಾಗಿರುತ್ತದೆ. ಎರಡನೆಯ ತಿಂಗಳ ಸುಮಾರಿಗೆ ನಿಜವಾದ ನಗು ಬರುತ್ತದೆ. ಅದಕ್ಕೂ ಮುಂಚೆ ನಿದ್ದೆಯಲ್ಲಿ ತುಟಿ ಅರಳುವುದುಂಟು. ಆದರೆ ನಿಮ್ಮ ಮುಖ ನೋಡಿ, ನಿಮ್ಮ ನಗುವಿಗೆ ಉತ್ತರವಾಗಿ ನಗುವುದು ಬೇರೆ. ನನ್ನ ಪುಸ್ತಕದಲ್ಲಿ ಅದು ಐವತ್ತೊಂದನೆಯ ದಿನ ಎಂದಿದೆ. ಅದೂ ನನ್ನನ್ನು ನೋಡಿ ಅಲ್ಲ, ಅವಳ ದಾದಿಯನ್ನು ನೋಡಿ. ಆ ಹೊತ್ತಿಗೆ ‘ಊಂ’, ‘ಆ’ ಎಂದು ಸ್ವರಗಳು ಹೊರಡುತ್ತವೆ. ನಾವು ಮಾತಾಡಿ ನಿಲ್ಲಿಸಿದರೆ ಮಗು ತನ್ನ ಸರದಿಗೆ ಒಂದು ಸ್ವರ ತೆಗೆಯುತ್ತದೆ. ಸಂಭಾಷಣೆ ಎಂಬುದರ ಮೊದಲ ಪಾಠ ಇದೇ.

ಮೂರು ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ. ಮಗು ತನ್ನ ಕೈಯನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತದೆ. ಇದು ತನ್ನದು ಎಂದು ತಿಳಿಯಲು ಅದಕ್ಕೆ ಕೆಲವು ವಾರಗಳೇ ಬೇಕು. ನಾಲ್ಕರಿಂದ ಆರು ತಿಂಗಳೊಳಗೆ ಮಗುಚಿಕೊಳ್ಳುತ್ತದೆ. ಮಂಚದ ಮೇಲೆ ಒಂಟಿಯಾಗಿ ಮಲಗಿಸಿ ಅಡುಗೆಮನೆಗೆ ಹೋಗುವವರು ಇಲ್ಲಿಂದ ಮುಂದೆ ಎಚ್ಚರವಾಗಿರಬೇಕು. ಕೊಟ್ಟ ಗಿಲಕಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಹಿರಿಯರು ಗದರಿಸುತ್ತಾರೆ. ಆದರೆ ಆ ವಯಸ್ಸಿಗೆ ವಸ್ತುವೊಂದು ಗಟ್ಟಿಯೋ, ಮೆತ್ತಗೋ, ತಣ್ಣಗೋ ಎಂದು ತಿಳಿಸುವ ಪ್ರಯೋಗಾಲಯ ಬಾಯಿಯೇ. ಅದನ್ನು ತಡೆಯುವುದಕ್ಕಿಂತ ವಸ್ತುವನ್ನು ತೊಳೆದು ಕೊಡುವುದು ಮೇಲು. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ. ಆಮೇಲೆ ಹಾಲಿನ ಜೊತೆಗೆ ರಾಗಿ ಸರಿ, ಮೆತ್ತಗೆ ಹಿಸುಕಿದ ಅನ್ನ ಬೇಳೆ ಆರಂಭಿಸಬಹುದು. ಜೇನುತುಪ್ಪವನ್ನು ಮಾತ್ರ ಒಂದು ವರ್ಷ ತುಂಬುವವರೆಗೆ ಕೊಡಬಾರದೆಂದು ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ.

ಏಳರಿಂದ ಒಂಬತ್ತು ತಿಂಗಳು ಬಹಳ ಸ್ವಾರಸ್ಯದ ಕಾಲ. ಪಿಯಾಜೆಯ ಒಂದು ಪ್ರಯೋಗವನ್ನು ನೀವು ಮನೆಯಲ್ಲೇ ಮಾಡಬಹುದು. ಮಗು ನೋಡುತ್ತಿರುವಾಗಲೇ ಒಂದು ಆಟಿಕೆಯ ಮೇಲೆ ಕರವಸ್ತ್ರ ಹೊದಿಸಿ. ಐದು ತಿಂಗಳ ಮಗು ಸಾಮಾನ್ಯವಾಗಿ ಅದನ್ನು ಹುಡುಕಲು ಹೋಗುವುದಿಲ್ಲ. ಕಣ್ಣಿಗೆ ಕಾಣದ್ದು ಅದರ ಪಾಲಿಗೆ ಮುಗಿದಂತೆ ಎಂದು ಪಿಯಾಜೆ ಅರ್ಥಮಾಡಿದರು. ಎಂಟು ಒಂಬತ್ತು ತಿಂಗಳ ಮಗು ಬಟ್ಟೆಯನ್ನು ಎಳೆದು ಆಟಿಕೆಯನ್ನು ಹೊರತೆಗೆಯುತ್ತದೆ. ಕಾಣದಿದ್ದರೂ ವಸ್ತು ಇದೆ ಎಂಬ ತಿಳಿವಳಿಕೆ ಅದಕ್ಕೆ ಬಂದಿದೆ. ಸೆರಗಿನಲ್ಲಿ ಮುಖ ಮುಚ್ಚಿ ‘ಕೂ’ ಎಂದು ಆಡಿಸುವ ನಮ್ಮ ಅಜ್ಜಿಯರು ಪಿಯಾಜೆಯನ್ನು ಓದದೆಯೇ ಇದೇ ಪಾಠವನ್ನು ಕಲಿಸುತ್ತಾ ಬಂದಿದ್ದಾರೆ. ಮಗು ಅಪರಿಚಿತರನ್ನು ಕಂಡು ಅಳುವುದೂ ಇದೇ ಕಾಲದಲ್ಲಿ. ನಿನ್ನೆಯವರೆಗೆ ಎಲ್ಲರ ಕೈಗೂ ಹೋಗುತ್ತಿದ್ದ ಮಗು ಈಗ ಅಮ್ಮನ ಹೆಗಲಿಗೆ ಅಂಟಿಕೊಂಡರೆ ದೃಷ್ಟಿಯಾಯಿತೆಂದು ಹೆದರಬೇಕಿಲ್ಲ. ತನ್ನವರು ಯಾರು, ಪರರು ಯಾರು ಎಂಬುದು ಅದಕ್ಕೆ ತಿಳಿದಿದೆ.

ಭಾಷೆಯ ಮೇಷ್ಟ್ರಾದ ನನಗೆ ಈ ತಿಂಗಳುಗಳ ಅತಿ ದೊಡ್ಡ ಘಟನೆ ತೊದಲು. ‘ಬಾಬಾಬಾ’, ‘ದಾದಾದಾ’, ‘ಮಾಮಾಮಾ’ ಎಂದು ವ್ಯಂಜನ ಸ್ವರ ಕೂಡಿಸಿದ ಅಕ್ಷರಗಳು ಸಾಲಾಗಿ ಬರುತ್ತವೆ. ನಮ್ಮ ಮನೆಯಲ್ಲಿ ‘ದಾದಾ’ ಎಂದ ದಿನ ನಮ್ಮ ಅಬ್ಬಾ ತನ್ನನ್ನೇ ಕರೆದಳೆಂದು ಬೀದಿಗೆಲ್ಲ ಸಿಹಿ ಹಂಚಿದರು. ಮರುದಿನ ಅವಳು ಫ್ಯಾನನ್ನು ನೋಡಿಯೂ ‘ದಾದಾ’ ಎಂದಳು! ಉರ್ದುವಿನ ದಾದಾ, ನಾನಾ, ಬಾಬಾ, ಮಾಮು, ಕನ್ನಡದ ತಾತ, ಮಾಮ, ಅಪ್ಪ, ಅಮ್ಮ ಇವನ್ನು ಒಮ್ಮೆ ಉಚ್ಚರಿಸಿ ನೋಡಿ. ಎಲ್ಲವೂ ಶಿಶುವಿನ ಬಾಯಿಗೆ ಮೊದಲು ಒದಗುವ ಧ್ವನಿಗಳೇ. ರೋಮನ್ ಯಾಕೊಬ್ಸನ್ ಎಂಬ ಭಾಷಾವಿಜ್ಞಾನಿ 1960ರಲ್ಲಿ ಇದೇ ವಿಷಯವಾಗಿ ಪ್ರಬಂಧ ಬರೆದರು. ಮಗು ತೊದಲಿದ್ದನ್ನು ಹಿರಿಯರು ತಮ್ಮ ಹೆಸರಾಗಿ ಸ್ವೀಕರಿಸಿದರು. ಮತ್ತೆ ಮತ್ತೆ ಅದಕ್ಕೆ ಓಗೊಟ್ಟು ಆ ಧ್ವನಿಗೆ ಅರ್ಥ ತುಂಬಿದರು. ಆದ್ದರಿಂದ ಅಬ್ಬಾ ಸಿಹಿ ಹಂಚಿದ್ದು ವ್ಯರ್ಥವೆಂದು ನಾನು ಹೇಳಲಾರೆ.

ಇನ್ನೊಂದು ವಿಷಯ ನಮ್ಮ ನುಡಿಗಳಿಗೆ ಸಂಬಂಧಿಸಿದ್ದು. ‘ತ’ ಮತ್ತು ‘ಟ’ ನಮಗೆ ಬೇರೆ ಬೇರೆ ಅಕ್ಷರಗಳು. ಕನ್ನಡದಲ್ಲೂ ಹೌದು, ಉರ್ದುವಿನಲ್ಲೂ ಹೌದು. ಇಂಗ್ಲಿಷ್ ಮಾತ್ರ ಬಲ್ಲ ಹಿರಿಯರಿಗೆ ಈ ವ್ಯತ್ಯಾಸ ಕಿವಿಗೆ ಸುಲಭವಾಗಿ ಹತ್ತುವುದಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ಈ ಎರಡು ಧ್ವನಿಗಳನ್ನು ಬೇರ್ಪಡಿಸಿ ಗುರುತಿಸಿದವು. ಹತ್ತು ಹನ್ನೆರಡು ತಿಂಗಳ ಶಿಶುಗಳಲ್ಲಿ ಆ ಶಕ್ತಿ ಬಹಳಷ್ಟು ಕುಗ್ಗಿತ್ತು. ಮೊದಲ ವರ್ಷದಲ್ಲಿ ಕಿವಿ ತಾನು ದಿನವೂ ಕೇಳುವ ನುಡಿಗೆ ಹದಗೊಳ್ಳುತ್ತದೆ ಎಂಬುದು ಇದರ ತಾತ್ಪರ್ಯ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆದರೆ ಮಗುವಿಗೆ ಗೊಂದಲವಾಗಿ ಮಾತು ತಡವಾಗುತ್ತದೆಯೇ ಎಂದು ಅನೇಕ ತಾಯಂದಿರು ನನ್ನನ್ನು ಕೇಳುತ್ತಾರೆ. ಎರಡು ನುಡಿ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂಬುದು ಇಂದು ತಜ್ಞರ ಒಮ್ಮತದ ಮಾತು. ದಾದಿ ಉರ್ದುವಿನಲ್ಲೇ ಮಾತಾಡಲಿ, ಪಕ್ಕದ ಮನೆಯ ಅಜ್ಜಿ ಕನ್ನಡದಲ್ಲೇ ಆಡಿಸಲಿ. ಟಿ.ವಿ. ಮತ್ತು ಮೊಬೈಲ್ ಮಾತ್ರ ಈ ಇಬ್ಬರ ಸ್ಥಾನ ತುಂಬಲಾರವು. ಅವು ಮಗುವಿನ ತೊದಲಿಗೆ ಉತ್ತರ ಕೊಡುವುದಿಲ್ಲ.

ಹತ್ತರಿಂದ ಹನ್ನೆರಡು ತಿಂಗಳಲ್ಲಿ ಹೆಬ್ಬೆರಳು ತೋರುಬೆರಳು ಸೇರಿಸಿ ನೆಲದ ಮೇಲಿನ ಒಂದು ಮಂಡಕ್ಕಿ ಕಾಳನ್ನು ಹೆಕ್ಕುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದು ಇವೇ ಬೆರಳುಗಳು. ಆದರೆ ಶೇಂಗಾ ಬೀಜ, ಗುಂಡಿ, ನಾಣ್ಯ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಅಪಾಯ. ಹೆಸರು ಕರೆದರೆ ತಿರುಗುತ್ತದೆ, ‘ಬೇಡ’ ಎಂದರೆ ಒಂದು ಕ್ಷಣ ನಿಲ್ಲುತ್ತದೆ, ಟಾಟಾ ಮಾಡುತ್ತದೆ. ನಮ್ಮ ಮಗಳು ಹನ್ನೊಂದನೆಯ ತಿಂಗಳಲ್ಲಿ ದಾದಿ ನಮಾಜಿಗೆ ನಿಂತಾಗ ಪಕ್ಕದಲ್ಲಿ ಹಣೆ ನೆಲಕ್ಕೆ ಹಚ್ಚಿ, ತಲೆಯೆತ್ತಿ ಅವರ ಮುಖ ನೋಡುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಅನುಕರಣೆ ಈ ವಯಸ್ಸಿನ ಪಠ್ಯಪುಸ್ತಕ. ನಾವು ಮೃದುವಾಗಿ ಮಾತಾಡಿದರೆ ಅದನ್ನೂ, ಬೈದಾಡಿದರೆ ಅದನ್ನೂ ಮಗು ತೆಗೆದುಕೊಳ್ಳುತ್ತದೆ.

ಇನ್ನು ನಡಿಗೆ. ‘ಅವರ ಮಗು ಹತ್ತು ತಿಂಗಳಿಗೇ ನಡೆಯಿತು, ನಿಮ್ಮದು ಇನ್ನೂ ಇಲ್ಲವೇ?’ ಎಂಬ ಪ್ರಶ್ನೆ ಎಷ್ಟು ಸೊಸೆಯಂದಿರ ಕಣ್ಣಲ್ಲಿ ನೀರು ತರಿಸಿಲ್ಲ! ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕ ಈ ಐದು ದೇಶಗಳಲ್ಲಿ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿತು. ಆಧಾರವಿಲ್ಲದೆ ಕುಳಿತುಕೊಳ್ಳಲು 3.8ರಿಂದ 9.2 ತಿಂಗಳು, ಒಂಟಿಯಾಗಿ ನಡೆಯಲು 8.2ರಿಂದ 17.6 ತಿಂಗಳು, ಇಷ್ಟು ಅಗಲವಾದ ಅವಧಿ ಅದರಲ್ಲಿದೆ. ಒಂಬತ್ತು ತಿಂಗಳಿಗೆ ನಡೆದ ಮಗುವೂ ಸರಿ, ಹದಿನಾರು ತಿಂಗಳಿಗೆ ನಡೆದದ್ದೂ ಸರಿ. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲನ್ನೇ ಇಡದೆ ಮುಂದಕ್ಕೆ ಹೋದವು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಲ್ಲಿ ಕಳೆದು ಲೆಕ್ಕ ಹಾಕಬೇಕು. ಬೇಗ ನಡೆಯಲೆಂದು ಚಕ್ರದ ವಾಕರ್ ತರುವವರಿದ್ದಾರೆ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಬೀಳುವ ಅಪಾಯ ಮಾತ್ರ ಇದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಬಂಧುಗಳೇ, ಇದುವರೆಗೆ ಹೋಲಿಕೆ ಮಾಡಬೇಡಿ ಎಂದೆ. ಈಗ ಇನ್ನೊಂದು ಬದಿಯನ್ನು ಹೇಳಬೇಕು. ನಾನು ಈ ವಿಷಯವನ್ನು ಆರಿಸಿಕೊಂಡದ್ದೇ ಅದಕ್ಕಾಗಿ.

ಕೆಲವು ವರ್ಷಗಳ ಹಿಂದೆ ಒಂದನೇ ತರಗತಿಗೆ ಒಬ್ಬ ಹುಡುಗ ಸೇರಿದ. ಮಾತು ಕಡಿಮೆ, ಇದ್ದ ಮಾತೂ ಅಸ್ಪಷ್ಟ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಜಿದ್ದಿ ಹುಡುಗ ಎಂದು ಮನೆಯಲ್ಲೂ ಬೀದಿಯಲ್ಲೂ ಹೆಸರಾಗಿತ್ತು. ನಾನು ಬೋರ್ಡಿನ ಕಡೆ ಮುಖ ಮಾಡಿ ಹೇಳಿದ ಪದ ಅವನಿಗೆ ಬರುತ್ತಿರಲಿಲ್ಲ, ಅವನ ಕಡೆ ಮುಖ ಮಾಡಿ ಹೇಳಿದ್ದನ್ನು ತುಟಿ ನೋಡಿ ಹಿಡಿಯುತ್ತಿದ್ದ. ಪಾಲಕರನ್ನು ಕರೆಸಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿಗಳಲ್ಲಿ ಹುಟ್ಟಿನಿಂದಲೇ ತೀವ್ರ ದೋಷವಿತ್ತು. ಆಗ ಅವನ ತಾಯಿ ಹೇಳಿದ ಮಾತು: “ಸರ್, ಚಿಕ್ಕವನಿದ್ದಾಗ ಊಂ ಊಂ ಅಂತ ಶಬ್ದ ಮಾಡ್ತಾನೇ ಇದ್ದ. ಪಕ್ಕದಲ್ಲೇ ತಟ್ಟೆ ಬಿದ್ರೆ ಬೆಚ್ಚಿಬೀಳ್ತಿದ್ದ. ನಮ್ಮ ಜೇಠ್‌ಗೂ ನಾಲ್ಕು ವರ್ಷಕ್ಕೆ ಮಾತು ಬಂತಂತೆ, ಇವನಿಗೂ ಬರುತ್ತೆ ಅಂತ ಎಲ್ಲರೂ ಹೇಳಿದ್ರು.”

ಆ ತಾಯಿ ನೋಡಿದ್ದೆಲ್ಲ ನಿಜವೇ. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಸ್ವರ ತೆಗೆಯುತ್ತದೆ. ನೆಲದ ಕಂಪನಕ್ಕೆ, ಗಾಳಿಯ ಅಲುಗಾಟಕ್ಕೆ ಬೆಚ್ಚುತ್ತದೆ. ವ್ಯತ್ಯಾಸ ಕಾಣುವುದು ‘ಬಾಬಾಬಾ’ ಬರಬೇಕಾದ ತಿಂಗಳುಗಳಲ್ಲಿ. ಕೇಳದ ಮಗುವಿಗೆ ಆ ತೊದಲು ಬಹಳ ತಡವಾಗುತ್ತದೆ. ಇದನ್ನು ಆ ತಾಯಿಗೆ ಯಾರೂ ಹೇಳಿರಲಿಲ್ಲ. ಮೊದಲ ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರ ಮುಂತಾದ ನೆರವು, ಇದು ತಜ್ಞರು ಇಟ್ಟುಕೊಂಡಿರುವ ಗುರಿ. ಆ ಹುಡುಗನಿಗೆ ನೆರವು ಸಿಕ್ಕಿದ್ದು ಆರು ತಿಂಗಳಿಗಲ್ಲ, ಆರು ವರ್ಷಕ್ಕೆ. ಯಂತ್ರ ಬಂತು, ಕಲಿಕೆಯೂ ಸಾಗಿತು. ಆದರೆ ಕಿವಿ ನುಡಿಗೆ ಹದಗೊಳ್ಳುವ ಆ ಮೊದಲ ವರ್ಷಗಳನ್ನು ಅವನಿಗೆ ಯಾರೂ ಮರಳಿ ಕೊಡಲಾರರು.

ಆದ್ದರಿಂದ ಕೆಲವು ಗುರುತುಗಳನ್ನು ಬರೆದುಕೊಳ್ಳಿ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳು ದಾಟಿದರೂ ಆಧಾರವಿಲ್ಲದೆ ಕೂರದಿದ್ದರೆ, ಹತ್ತು ತಿಂಗಳಾದರೂ ‘ಬಾಬಾ’, ‘ದಾದಾ’ದಂಥ ತೊದಲು ಇಲ್ಲದಿದ್ದರೆ, ಒಂದು ವರ್ಷವಾದರೂ ಹೆಸರಿಗೆ ತಿರುಗದಿದ್ದರೆ, ಕೈಸನ್ನೆ ಮಾಡದಿದ್ದರೆ, ಯಾವಾಗಲೂ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಹಿಡಿದೇ ಇದ್ದರೆ, ಮೈ ತೀರಾ ಬಿಗಿ ಅಥವಾ ತೀರಾ ಸಡಿಲವೆನಿಸಿದರೆ, ಕಲಿತದ್ದನ್ನು ಮಗು ಬಿಟ್ಟುಬಿಟ್ಟರೆ ವೈದ್ಯರ ಬಳಿಗೆ ಹೋಗಬೇಕು. ಹೋದ ಮಾತ್ರಕ್ಕೆ ಮಗುವಿಗೆ ದೋಷವಿದೆ ಎಂದಲ್ಲ. ಎಷ್ಟೋ ಮಕ್ಕಳು ಪರೀಕ್ಷೆಯಲ್ಲಿ ಸರಿಯಾಗಿಯೇ ಇರುತ್ತವೆ, ಮನೆಯವರು ನಿಶ್ಚಿಂತೆಯಿಂದ ವಾಪಸಾಗುತ್ತಾರೆ. ಮಾತು ಬರಲೆಂದು ನಾಲಿಗೆಗೆ ಬಜೆ ತಿಕ್ಕುವುದರಿಂದ ಕಿವಿಯ ದೋಷ ಹೋಗುವುದಿಲ್ಲ. ತಾವೀಜು ಕಟ್ಟಿಸುವವರು ಕಟ್ಟಿಸಲಿ, ಆದರೆ ಅದನ್ನು ಕಟ್ಟಿ ಮನೆಯಲ್ಲಿ ಕಾಯುತ್ತಾ ಕೂರಬಾರದು.

ಎಲ್ಲಿಗೆ ಹೋಗಬೇಕು? ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರೂ ಹಿಂದೆ ಸರಿಯಬೇಕಾಗಿಲ್ಲ. ನಿಮ್ಮ ತಾಯಿ ಕಾರ್ಡನ್ನು ಲಸಿಕೆಯ ದಿನ ಮಾತ್ರ ಹುಡುಕಬೇಡಿ. ಮಗು ಯಾವ ತಿಂಗಳಲ್ಲಿ ಏನು ಮಾಡಬೇಕೆಂಬ ಚಿತ್ರಗಳನ್ನೂ ಅದರಲ್ಲಿ ನೋಡಿ. ಆಶಾ ಕಾರ್ಯಕರ್ತೆಯರು ಮೊದಲ ನಲವತ್ತೆರಡು ದಿನಗಳಲ್ಲಿ ಹಲವು ಬಾರಿ, ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಭೇಟಿ ನೀಡುವ ಕಾರ್ಯಕ್ರಮವಿದೆ. ಅವರು ಬಂದಾಗ ಬಾಗಿಲಲ್ಲೇ ಮಾತು ಮುಗಿಸದೆ ಒಳಗೆ ಕರೆದು ಕೂರಿಸಿ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ ಅದರ ಕೆಲಸ. ತೊಂದರೆ ಕಂಡ ಮಕ್ಕಳಿಗಾಗಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳಿವೆ. ಕಿವಿ ಮತ್ತು ಮಾತಿನ ವಿಷಯಕ್ಕಂತೂ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಬೇರೆ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ. ನಮ್ಮ ಜಿಲ್ಲೆಗಳವರೇ ತಡ ಮಾಡಬಾರದು.

ವಿದ್ಯಾರ್ಥಿ ಮಿತ್ರರೇ, ನೀವು ಕೂಡ ಈ ಕೆಲಸದಲ್ಲಿ ಪಾಲುದಾರರು. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಪುಟ್ಟ ತಮ್ಮನೋ, ತಂಗಿಯೋ, ಆಪಾನ ಮಗುವೋ ಇದೆ. ಮನೆಯಲ್ಲಿ ಓದು ಬಲ್ಲವರು ನೀವೊಬ್ಬರೇ ಇರಬಹುದು. ಹಾಗಿದ್ದರೆ ತಾಯಿ ಕಾರ್ಡನ್ನು ಅಮ್ಮನಿಗೆ ಓದಿ ಹೇಳಿ. ಹಳೆಯ ನೋಟ್ ಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು, ತಿಂಗಳಿಗೊಂದು ಪುಟ ಎಂದು ಇಟ್ಟುಕೊಳ್ಳಿ. ದಿನಾಂಕ, ಮಗು ಮಾಡಿದ್ದೇನು, ನೋಡಿದವರು ಯಾರು, ಇಷ್ಟು ಬರೆದರೆ ಸಾಕು. ವೈದ್ಯರು ‘ಯಾವಾಗಿನಿಂದ?’ ಎಂದು ಕೇಳಿದಾಗ ‘ನೆನಪಿಲ್ಲ’ ಎನ್ನುವುದಕ್ಕಿಂತ ಪುಟ ತೆರೆದು ತೋರಿಸುವುದು ಎಷ್ಟೋ ಉಪಯುಕ್ತ.

ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ನಾವು ವರ್ಷಕ್ಕೊಮ್ಮೆ ಪುಸ್ತಕ, ಸಮವಸ್ತ್ರ ಹಂಚುತ್ತೇವೆ. ಅದರೊಂದಿಗೆ ವರ್ಷಕ್ಕೊಂದು ದಿನ ಒಂದು ವರ್ಷದೊಳಗಿನ ಮಕ್ಕಳ ತಾಯಂದಿರನ್ನೂ ತಂದೆಯರನ್ನೂ ಕರೆಸಿ, ಮಕ್ಕಳ ವೈದ್ಯರನ್ನೂ ಶ್ರವಣ ತಜ್ಞರನ್ನೂ ಆಹ್ವಾನಿಸಿ ಒಂದು ಶಿಬಿರ ನಡೆಸೋಣ. ಖರ್ಚು ಹೆಚ್ಚಿಲ್ಲ. ಆ ದಿನ ಒಂದೇ ಒಂದು ಮಗುವಿನ ದೋಷ ಆರು ವರ್ಷದ ಬದಲು ಆರು ತಿಂಗಳಿಗೆ ಪತ್ತೆಯಾದರೆ, ಹತ್ತು ವರ್ಷಗಳ ನಂತರ ಆ ಮಗುವಿನ ಅಂಕಪಟ್ಟಿಯಲ್ಲಿ ಅದರ ಫಲವನ್ನು ನಾವೇ ನೋಡುತ್ತೇವೆ.